ನಡುವೆ ಉಳಿದ ಕಬ್ಬು

ನನ್ನ ಕೈಲಿ ಪದವಿ ಮುಗಿಸುವುದು ಆಗದ ಮಾತು ಎಂದು ಹೇಳಿದವರು ನನ್ನ ದೊಡ್ಡಪ್ಪ. ಮರೆಯಲ್ಲಿ ಹೇಳಲಿಲ್ಲ. ಆಲೆಮನೆಯ ಮುಂದೆ, ಕಬ್ಬು ಕಡಿಯುವ ಇಡೀ ಗ್ಯಾಂಗಿನ ಎದುರಿಗೆ, ಎಲೆಯ ಮೇಲಿನ ಬಿಸಿ ಬೆಲ್ಲವನ್ನು ಬೆರಳಲ್ಲಿ ಬಳಿದು ನೆಕ್ಕುತ್ತಾ ಹೇಳಿದರು.

"ನಮ್ಮಟ್ಟೀಲಿ ಎಸ್ಸೆಲ್ಸಿ ದಾಟಿರೋ ಒಂದ್ ನರಪಿಳ್ಳೆ ಇಲ್ಲ. ಇವ್ಳು ಡಿಗ್ರಿ ಮುಗುಸ್ತಾಳಂತೆ. ಡಿಗ್ರಿ ಅಂದ್ರೇನು ಕಬ್ಬಿನ ಜಲ್ಲೆನಾ, ಎಳ್ದು ಮುರ್ಕಳಕೆ?"

ಎಲ್ಲರೂ ನಕ್ಕರು. ಅವ್ವ ಮಾತ್ರ ನಗಲಿಲ್ಲ. "ಓದೋವಷ್ಟು ಓದ್ಲಿ ಬುಡಿ ಭಾವ. ನಿಮ್ಮ ಮಚ್ಚೇನೂ ಕೇಳ್ತಿಲ್ವಲ್ಲ ಅವ್ಳು" ಎಂದಳು. ಅದಕ್ಕೂ ನಕ್ಕರು.

ದೊಡ್ಡಪ್ಪ ಗ್ಯಾಂಗಿನ ಮೇಸ್ತ್ರಿ. ಮದ್ದೂರು, ಮಳವಳ್ಳಿ ಕಡೆ ಯಾರ ಗದ್ದೆಗೆ ಕಟಾವಿನ ಆರ್ಡರ್ ಬಂದರೂ ಮೊದಲು ಅವರಿಗೇ ಫೋನು. ಅಪ್ಪ ಅವರ ತಮ್ಮ, ಟ್ರಾಕ್ಟರ್ ಓಡಿಸುವವನು. ಅವ್ವ ಹೊರೆ ಕಟ್ಟುವವಳು. ಬೆಸಗರಹಳ್ಳಿಯಿಂದ ಒಳಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಊರು. ಎರಡು ಮನೆಗೂ ಒಂದೇ ಜಗಲಿ, ಒಂದೇ ಬಚ್ಚಲು. ಹಾಗಾಗಿ ದೊಡ್ಡಪ್ಪ ಏನು ಹೇಳಿದರೂ ಅದು ನಮ್ಮ ಮನೆಯೊಳಗೇ ಹೇಳಿದ ಹಾಗೆ.

ನಾನು ಪದವಿ ಮುಗಿಸಿದೆ. ಬಿ.ಎಸ್ಸಿ., ಮೊದಲ ದರ್ಜೆ. ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಮೂರು ವರ್ಷ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ಮದ್ದೂರಿಗೆ, ಅಲ್ಲಿಂದ ರೈಲಿನಲ್ಲಿ ಮಂಡ್ಯಕ್ಕೆ ನಿಂತುಕೊಂಡೇ ಹೋಗಿ ಬಂದವಳು ನಾನು. ಹನಕೆರೆ ಸ್ಟೇಷನ್ನಿನಲ್ಲಿ ಇನ್ನೊಂದು ಗಾಡಿಗೆ ದಾರಿ ಬಿಡಲು ನಮ್ಮ ರೈಲು ನಿಂತಾಗ ಉಳಿದವರು ಬೈಯುತ್ತಿದ್ದರು, ನಾನು ಅಷ್ಟು ಹೊತ್ತು ಓದಲು ಸಿಕ್ಕಿತಲ್ಲ ಎಂದುಕೊಳ್ಳುತ್ತಿದ್ದೆ. ಆದರೆ ಈ ಪದವಿಯ ಕತೆ ಯಾರಿಗಾದರೂ ಹೇಳುವಾಗ ಒಂದು ಜಾಗಕ್ಕೆ ಬಂದು ನಾನು ಮಾತು ಬದಲಿಸುತ್ತಿದ್ದೆ. ಇಲ್ಲಿ ಬದಲಿಸುವುದಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಪ್ರಾಣಿಶಾಸ್ತ್ರದ ಮೇಡಂ ವಿಷಯಗಳನ್ನು ಚೀಟಿಯಲ್ಲಿ ಬರೆದು ಚಾಕ್‌ಪೀಸ್ ಡಬ್ಬಿಗೆ ಹಾಕಿ ಕುಲುಕಿದರು. ನನ್ನ ಮುಂದಿನವಳಿಗೆ ಕೆರೆ ಮೀನು ಬಂತು. ಪಕ್ಕದವಳಿಗೆ ರೇಷ್ಮೆ ಹುಳುವಿನ ರೋಗ ಬಂತು, ಅವಳ ಮನೆಯಲ್ಲೇ ಹುಳು ಸಾಕುತ್ತಿದ್ದರು, ಪುಣ್ಯವಂತೆ. ನಾನು ಚೀಟಿ ಬಿಚ್ಚಿದರೆ: ಸಮುದ್ರದ ಮಂಜುಗಡ್ಡೆ ಕರಗುವಿಕೆ ಮತ್ತು ಧ್ರುವ ಪ್ರದೇಶದ ಬೇಟೆ ಪ್ರಾಣಿಗಳು.

ಪಕ್ಕದವಳು ಇಣುಕಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಲೇ, ನಿಂಗೆ ಫ್ರಿಡ್ಜು ಬಂತಲ್ಲೇ!"

"ನಮ್ಮನೇಲಿ ಅದೂ ಇಲ್ಲ ಕಣೇ" ಎಂದೆ.

ಬದಲಾಯಿಸಿಕೊಡಿ ಎಂದು ಕೇಳಬಹುದಿತ್ತು. ಕೇಳಿದರೆ ಇವಳ ಕೈಲಿ ಆಗುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿತು. ಕೇಳಲಿಲ್ಲ.

ಮೇಡಂ ಒಂದಷ್ಟು ಇಂಗ್ಲಿಷ್ ಲೇಖನಗಳನ್ನು ಫೋನಿಗೆ ಕಳಿಸಿದರು. ಒಂದು ಸಾಲು ಓದುವುದು, ಮೂರು ಪದಕ್ಕೆ ಅರ್ಥ ಹುಡುಕುವುದು, ಮತ್ತೆ ಸಾಲಿನ ಮೊದಲಿಗೆ ಬರುವುದು. ಒಂದು ತಿಂಗಳಲ್ಲಿ ಸ್ವಲ್ಪ ಸ್ವಲ್ಪ ಕಣ್ಣಿಗೆ ಕಟ್ಟಿತು. ಅಲ್ಲಿ ಸಮುದ್ರವೇ ಚಳಿಗಾಲದಲ್ಲಿ ಹೆಪ್ಪುಗಟ್ಟಿ ನೆಲದ ಹಾಗೆ ಆಗುತ್ತದೆ. ಅದರ ಅಡಿಯ ನೀರಿನಲ್ಲಿ ಸೀಲ್ ಎಂಬ ಪ್ರಾಣಿ ಇರುತ್ತದೆ. ಮೀನಿನ ಹಾಗೆ ಈಜಿದರೂ ಉಸಿರಾಡಲು ಮೇಲೆ ಬರಲೇಬೇಕು, ಅದಕ್ಕೆಂದು ಮಂಜುಗಡ್ಡೆಯಲ್ಲಿ ತೂತು ಇಟ್ಟುಕೊಂಡಿರುತ್ತದೆ. ಬಿಳಿ ಕರಡಿ ಆ ತೂತಿನ ಪಕ್ಕ ಅಲುಗಾಡದೆ ಕಾಯುತ್ತದೆ. ಸೀಲ್ ಮೂಗು ಹೊರಗೆ ಹಾಕಿದರೆ ಹಿಡಿಯುತ್ತದೆ. ವಸಂತದಲ್ಲಿ ಹಾಗೆ ತಿಂದು ಕೊಬ್ಬು ಕೂಡಿಸಿಕೊಂಡು, ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದಾಗ ಎಷ್ಟೋ ಕರಡಿಗಳು ದಡಕ್ಕೆ ಬಂದು, ಸಮುದ್ರ ಮತ್ತೆ ಹೆಪ್ಪುಗಟ್ಟುವ ತನಕ ಹೆಚ್ಚುಕಡಿಮೆ ಉಪವಾಸ ಇರುತ್ತವೆ. ಈಗ ಮಂಜುಗಡ್ಡೆ ಬೇಗ ಒಡೆಯುತ್ತಿದೆ, ತಡವಾಗಿ ಕಟ್ಟುತ್ತಿದೆ. ಉಪವಾಸ ಉದ್ದವಾಗುತ್ತಿದೆ. ತಾಯಿ ಬಡವಾದರೆ ಹಾಲು ಕಡಿಮೆ, ಮರಿ ಉಳಿಯುವುದಿಲ್ಲ. ಕರಡಿ ತಿಂದು ಬಿಟ್ಟದ್ದನ್ನು ತಿನ್ನಲು ಮಂಜುಗಡ್ಡೆಯ ಮೇಲೆ ಅದರ ಹಿಂದೆಯೇ ಅಲೆಯುವ ನರಿಗಳಿಗೂ ಆ ಊಟ ತಪ್ಪುತ್ತದೆ. ಹಸಿದ ಕರಡಿ ಊರ ಹತ್ತಿರದ ಕಸದ ಗುಡ್ಡೆಗೆ ಬರುತ್ತದೆ.

ಒಂದು ದಿನ ಇದನ್ನೆಲ್ಲ ಅವ್ವನಿಗೆ ಹೇಳಲು ನೋಡಿದೆ. ಅವಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೇಳಿದಳು.

"ಐಸು ಅಂದ್ರೆ ಮೀನು ತರೋ ಡಬ್ಬೀಲಿ ಹಾಕಿರ್ತಾರಲ್ಲ, ಅದಾ?"

"ಅದೇ ಅವ್ವ. ಆದರೆ ನಮ್ಮ ತಾಲೂಕಿಗಿಂತ ದೊಡ್ಡದು."

"ಅಷ್ಟು ದೊಡ್ಡದನ್ನ ಕರಗುಸ್ತಾವ್ರೆ ಅಂದ್ರೆ ಯಾರಮ್ಮಿ ಅವ್ರು?"

ನಾವೇ, ಎಲ್ಲರ ಹೊಗೆ ಸೇರಿ ಎಂದೆ. ಅವಳು ಒಲೆಯ ಕಡೆ ನೋಡಿದಳು. "ನಮ್ಮ ವಗೆ ಅಷ್ಟು ದೂರ ಓಯ್ತದಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ದೀಪ ಹಚ್ಚಲು ಎದ್ದಳು.

ಸೆಮಿನಾರಿನ ದಿನ ನಾನು ಬರೆದುಕೊಂಡು ಹೋಗಿದ್ದ ಇಂಗ್ಲಿಷನ್ನು ತಲೆ ಎತ್ತದೆ ಓದಿದೆ. ವಿಭಾಗದ ಮುಖ್ಯಸ್ಥರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಅರ್ಧಕ್ಕೆ ಕೈ ಎತ್ತಿದರು.

"ಸಾಕು. ಕಾಗದ ಮಡಚು. ಬಿಳಿ ಕರಡಿ ಚೆನ್ನಾಗಿ ಈಜುತ್ತೆ ಅಂತ ನೀನೇ ಬರೆದಿದ್ದೀಯ. ಐಸು ಕರಗಿದರೆ ನೀರಾಗುತ್ತೆ. ಈಜೋ ಪ್ರಾಣಿಗೆ ನೀರು ಬಂದರೆ ಏನಮ್ಮ ಕಷ್ಟ? ಕನ್ನಡದಲ್ಲೇ ಹೇಳು, ಪರವಾಗಿಲ್ಲ."

ನನಗೆ ಉತ್ತರ ಗೊತ್ತಿತ್ತು. ಆದರೆ ಅದು ಕಾಗದದಲ್ಲಿತ್ತು, ಬಾಯಲ್ಲಿರಲಿಲ್ಲ. ಕಾಗದ ಬಿಚ್ಚಲು ಹೋದೆ. ಅವರು ಬೇಡ ಎಂದು ಬೆರಳಾಡಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ನೀನು ಓದಿದ್ದೀಯ, ನೋಡಿಲ್ಲ" ಎಂದರು ಅವರು. ಬೈದದ್ದಲ್ಲ, ಇದ್ದದ್ದನ್ನು ಹೇಳಿದ್ದು. "ಹದಿನೈದು ದಿನ ಕೊಡ್ತೀನಿ. ಇದೇ ಪ್ರಶ್ನೆ ಕೇಳ್ತೀನಿ. ಆಗಲೂ ಕಾಗದ ಬಿಚ್ಚಿದರೆ ಮುಂದಿನ ವರ್ಷ ಬಾ."

ಮುಂದಿನ ವರ್ಷ ಎಂಬುದು ನನಗೆ ಇರಲಿಲ್ಲ. ಅವ್ವನ ಮಂಡಿ ಕೈಕೊಟ್ಟಿತ್ತು, ಗ್ಯಾಂಗಿನಲ್ಲಿ ಅವಳ ಜಾಗ ತುಂಬಬೇಕಿತ್ತು. "ಇದೊಂದು ಪರೀಕ್ಸೆ ಮುಗೀಲಿ. ಪಾಸಾದ್ರೆ ಅವ್ಳ ದಾರಿ ಅವ್ಳಿಗೆ. ಪೇಲಾದ್ರೆ ಸೀದಾ ಗದ್ದೆಗೆ" ಎಂದು ದೊಡ್ಡಪ್ಪ ಆಗಲೇ ತೀರ್ಮಾನ ಮಾಡಿದ್ದರು. ಅಪ್ಪ ಹೂಂ ಅಂದಿದ್ದ. ಆ ಹದಿನೈದು ದಿನ ಕಾಲೇಜಿಗೆ ಓದುವ ರಜೆ. ಮನೆಯಲ್ಲಿ ಕೂತರೂ ಅದೇ ಇಂಗ್ಲಿಷ್ ಸಾಲುಗಳು. ಅವ್ವ ಏಳಲಾರದ ಒಂದು ಬೆಳಿಗ್ಗೆ ಅವಳ ಬದಲು ನಾನೇ ಟ್ರಾಕ್ಟರ್ ಹತ್ತಿದೆ. ನೋಟ್‌ಬುಕ್ಕನ್ನು ಬುತ್ತಿಯ ಜೊತೆ ಚೀಲಕ್ಕೆ ಹಾಕಿಕೊಂಡೆ.

ಶಿವಪುರ ದಾಟಿ ಮಳವಳ್ಳಿ ರಸ್ತೆ ಹಿಡಿದು ಒಂದಷ್ಟು ದೂರ ಹೋದ ಮೇಲೆ ನಾಲೆಯ ಬದಿಗೆ ಆ ಗದ್ದೆ. ಮೂರು ಎಕರೆ ಇದ್ದೀತು. ಸುತ್ತಲಿನ ಗದ್ದೆಗಳೆಲ್ಲ ಆಗಲೇ ಕಟಾವಾಗಿದ್ದವು. ಕಣ್ಣು ಹಾಯುವಷ್ಟು ದೂರ ಕಡಿದ ಕಬ್ಬಿನ ಬುಡ, ಕೂಳೆ, ಅಲ್ಲಲ್ಲಿ ತರಗು ಸುಟ್ಟ ಕಪ್ಪು. ನಡುವೆ ಇದೊಂದೇ ಹಸಿರಾಗಿ, ಆಳೆತ್ತರ ಮೀರಿ ನಿಂತಿತ್ತು.

ನಮ್ಮ ಗ್ಯಾಂಗಿನವರು ಒಂದು ಕಡೆಯಿಂದ ಕಡಿಯುತ್ತಾ ಹೋಗುವುದಿಲ್ಲ. ಸುತ್ತುಗಟ್ಟಿ ಕಡಿಯುತ್ತಾರೆ. ಜೋಡಿ ಜೋಡಿಯಾಗಿ ನಾಲ್ಕೂ ಬದಿಗೆ ಹರಡಿಕೊಂಡು, ಹೊರಗಿನಿಂದ ಒಳಕ್ಕೆ ಬರುತ್ತಾರೆ. ನಡುವಿನ ಕಬ್ಬು ಮಲಗಿ ಹೆಣೆದುಕೊಂಡಿರುತ್ತದೆ, ಅದು ಯಾರೊಬ್ಬರ ಪಾಲಿಗೂ ಬೀಳದೆ ಕೊನೆಗೆ ಎಲ್ಲರೂ ಸೇರಿ ಮುಗಿಸಲಿ ಎಂಬುದು ನಮ್ಮ ತಾತನ ಕಾಲದಿಂದ ಬಂದ ನ್ಯಾಯ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೀಗೆ ಕಡಿದರೆ ಗದ್ದೆಯೊಳಗಿನ ಮೊಲ, ಕೌಜುಗ, ಕಾಡುಹಂದಿ ಎಲ್ಲ ಹಿಂದೆ ಹಿಂದೆ ಸರಿದು ಆ ಕೊನೆಯ ತುಂಡಿಗೆ ಬಂದು ಸೇರುತ್ತವೆ. ಆಗ ಗಂಡಸರು ಮಚ್ಚು ಕೆಳಗಿಟ್ಟು ದೊಣ್ಣೆ ಹಿಡಿದು ಸುತ್ತ ನಿಲ್ಲುತ್ತಾರೆ. ಅಂದಿನ ಸಾರು ಆ ತುಂಡಿನಲ್ಲಿ ಇರುತ್ತಿತ್ತು. ಅದು ತಪ್ಪು ಎಂದು ಕಾಲೇಜಿನಲ್ಲಿ ಓದಿದ್ದೆ. ಸಾರು ಮನೆಗೆ ಬಂದಾಗ ತಿಂದೂ ಇದ್ದೆ.

ಮೊದಲ ದಿನ ಮಧ್ಯಾಹ್ನ ಮುದ್ದೆ ಉಣ್ಣುತ್ತಾ ಕೂತಿದ್ದಾಗ ಒಂದು ಮುಂಗುಸಿ ಕಡಿದ ಕಡೆಯ ಬಯಲಿಗೆ ಬಂದು, ನಿಂತು, ಸುತ್ತ ನೋಡಿ, ಮತ್ತೆ ಕಬ್ಬಿಗೇ ಓಡಿಹೋಯಿತು. ಅಲ್ಲಿ ಆಚೆ ಬದಿಯ ಜೋಡಿಯೊಂದರ ಮಚ್ಚಿನ ಸದ್ದು ಇನ್ನೂ ಇತ್ತು. ಆದರೂ ಅಲ್ಲಿಗೇ ಹೋಯಿತು.

"ದೊಡ್ಡಪ್ಪ, ಅದು ಕಬ್ಬು ತಿನ್ನಲ್ಲ. ಮತ್ತೆ ಅದರೊಳಕ್ಕೇ ಯಾಕೆ ಓಡ್ತು?"

"ಕಬ್ಬು ತಿನ್ನೋದು ಅಂದಿ, ಇಲಿ, ನಿಮ್ಮಪ್ಪ" ಎಂದರು ದೊಡ್ಡಪ್ಪ. ಅಪ್ಪ ಜಲ್ಲೆ ಸಿಗಿಯುತ್ತಿದ್ದವನು ನಕ್ಕ. "ಮಿಕ್ಕವಕ್ಕೆ ಕಬ್ಬು ಊಟ ಅಲ್ಲ ಕಣಮ್ಮಿ, ಮರೆ. ಮರೇಲಿ ಕುಂತ್ಕಂಡು ಊಟ ಕಾಯ್ತವೆ. ಬಯ್ಲಲ್ಲಿ ಎಷ್ಟ್ ಜೋರಾಗ್ ಓಡುದ್ರೂ ಒಟ್ಟೆ ತುಂಬಾಕಿಲ್ಲ. ಇಷ್ಟು ತಿಳಿಯಾಕೆ ಕಾಲೇಜ್ ಬೇಕಾ?"

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಷ್ಟು ದಿನ ಹುಡುಕಿದರೂ ಬಾಯಿಗೆ ಬರದಿದ್ದ ಉತ್ತರವನ್ನು ಸಾರಿನ ಜೊತೆ ಬಡಿಸಿಬಿಟ್ಟಿದ್ದರು. ಕರಡಿ ಈಜುತ್ತದೆ, ಸರಿ. ಆದರೆ ಈಜಿಕೊಂಡು ಸೀಲ್ ಹಿಡಿಯಲಾರದು, ನೀರಿನಲ್ಲಿ ಸೀಲೇ ಜೋರು. ಮಂಜುಗಡ್ಡೆ ಕರಡಿಗೆ ನೆಲ ಮಾತ್ರ ಅಲ್ಲ, ಕೂತು ಕಾಯುವ ಜಾಗ. ಅದು ಹೋದರೆ ಸಮುದ್ರದ ತುಂಬ ಊಟವಿದ್ದೂ ಉಪವಾಸ. ಕೈ ತೊಳೆದು ಬಂದು ನೋಟ್‌ಬುಕ್ಕಿನಲ್ಲಿ ದೊಡ್ಡಪ್ಪನ ಮಾತನ್ನು ಹಾಗೇ ಬರೆದುಕೊಂಡೆ. ಅದರ ಕೆಳಗೆ ಒಂದು ಪಟ್ಟಿ ಶುರು ಮಾಡಿದೆ: ಎಷ್ಟು ಗಂಟೆಗೆ, ಯಾವ ಬದಿಯಿಂದ, ಯಾವ ಪ್ರಾಣಿ ಹೊರಗೆ ಬಂತು, ಹೊರಗೇ ಹೋಯಿತೋ ಒಳಕ್ಕೆ ತಿರುಗಿತೋ. ಮುಖ್ಯಸ್ಥರು ನೋಡಿಲ್ಲ ಎಂದಿದ್ದರಲ್ಲ. ನೋಡುತ್ತೇನೆ ಎಂದುಕೊಂಡೆ.

ಎರಡನೆಯ ದಿನ ಬೆಳಿಗ್ಗೆ ಬಿಂದಿಗೆಗೆ ನೀರು ತರಲು ನಾಲೆಗೆ ಇಳಿದವಳು ಹೆಜ್ಜೆ ನೋಡಿದೆ. ಕೆಸರಿನಲ್ಲಿ ದುಂಡಗೆ ಒತ್ತಿದ ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿಯಾದರೆ ಉಗುರು ಕಾಣುತ್ತದೆ. ನನ್ನ ಅಂಗೈಯನ್ನು ಪಕ್ಕದಲ್ಲಿಟ್ಟು ನೋಡಿದೆ. ಗುಳಿಯೊಳಗೆ ನೀರು ಆಗತಾನೇ ಜಿನುಗುತ್ತಿತ್ತು. ಕಬ್ಬಿನ ಸೀಮೆಯಲ್ಲಿ ಚಿರತೆ ಇರುವುದು ಹೊಸ ಸುದ್ದಿಯಲ್ಲ, ನಾಯಿ ಕಾಣೆಯಾದರೆ ಯಾರೂ ಹುಡುಕಲು ಹೋಗುವುದಿಲ್ಲ. ಆದರೆ ಈ ಹೆಜ್ಜೆಗಳು ನೀರು ಕುಡಿದು ಗದ್ದೆಯ ಕಡೆಗೇ ತಿರುಗಿದ್ದವು. ಮೈಲಿಗಟ್ಟಲೆ ಬಯಲಿನಲ್ಲಿ ಉಳಿದಿದ್ದ ಒಂದೇ ಗದ್ದೆ ನಮ್ಮದು.

ಬದುವಿನ ಮೇಲಿಂದ ದೊಡ್ಡಪ್ಪ ಕೂಗಿದರು. "ಏನಮ್ಮಿ ಬಗ್ಗಿ ನೋಡ್ತಿದ್ದೀಯೆ? ನಾಲೇಲಿ ಬಿಳೀ ಕರಡಿ ಸಿಕ್ತಾ?"

ಗ್ಯಾಂಗೆಲ್ಲ ಗೊಳ್ಳೆಂದಿತು. "ಸಿಕ್ಕುದ್ರೆ ಇಡ್ಕಂಡ್ ಬಾ, ಐಸ್‌ಕ್ಯಾಂಡಿ ಮಾರ್ಸಾನ!" ಎಂದರು ಇನ್ನೊಬ್ಬರು.

ನಾನು ಬಿಂದಿಗೆ ಎತ್ತಿಕೊಂಡು ಬಂದೆ. ಹೇಳಲಿಲ್ಲ.

ಹೇಳಿದ್ದರೆ ಇನ್ನಷ್ಟು ನಗುತ್ತಿದ್ದರು, ಅದಕ್ಕೇ ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಹೇಳಿದ್ದರೆ ಒಬ್ಬರಾದರೂ ಇಳಿದು ನೋಡುತ್ತಿದ್ದರು. ನೋಡಿದ್ದರೆ ಕಟಾವು ನಿಲ್ಲುತ್ತಿತ್ತು, ಅರಣ್ಯ ಇಲಾಖೆಯವರು ಬರುತ್ತಿದ್ದರು, ನನ್ನ ಪಟ್ಟಿ ಅರ್ಧಕ್ಕೆ ನಿಲ್ಲುತ್ತಿತ್ತು. ಇಷ್ಟೂ ಆ ಹೊತ್ತಿಗೆ ನನ್ನ ತಲೆಯಲ್ಲಿ ಬಂದು ಹೋಗಿತ್ತು. ನೋಟ್‌ಬುಕ್ಕಿನಲ್ಲಿ ಹೆಜ್ಜೆಯ ಚಿತ್ರ ಬರೆದು, ಪಕ್ಕದಲ್ಲಿ ಅಳತೆ ಬರೆದೆ.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಡುವಿನ ತುಂಡು ನಮ್ಮ ಊರಿನ ಅರಳಿಕಟ್ಟೆಯ ಸುತ್ತಲಿನ ಜಾಗದಷ್ಟು ಉಳಿದಿತ್ತು. ಗಂಡಸರು ದೊಣ್ಣೆ ತೆಗೆದುಕೊಂಡರು. ಹೆಂಗಸರು ಹೊರೆಗಳ ಹಿಂದೆ ಹೋಗಿ ನಿಂತರು. ನಾನು ಬದುವಿನ ಮೇಲೆ, ಎಲ್ಲ ಬದಿಯೂ ಕಾಣುವ ಕಡೆ ನಿಂತು ಬರೆಯುತ್ತಿದ್ದೆ. ಎರಡು ಮೊಲ ಪಡುವಲಿನಿಂದ ಬಂದವು, ಒಂದು ತಪ್ಪಿಸಿಕೊಂಡಿತು. ಕೌಜುಗಗಳು ಒಟ್ಟಿಗೆ ಬುರ್ರೆಂದು ಎದ್ದವು. ಒಂದು ಹಾವು ಹರಿದು ಹೋಯಿತು. ಮುಂಗುಸಿ ಬಂತು, ಈ ಸಲ ತಿರುಗಲಿಲ್ಲ.

ಆಮೇಲೆ ಏನೂ ಬರಲಿಲ್ಲ.

ಕಬ್ಬಿನ ಸೋಗೆ ಅಲುಗಾಡಲಿಲ್ಲ. ಒಳಗೆ ಏನೂ ಇಲ್ಲವೆಂದು ಗಂಡಸರು ದೊಣ್ಣೆ ಇಳಿಸಿದರು. ನನಗೆ ಗೊತ್ತಾಯಿತು. ಒಳಗೆ ಏನೂ ಇಲ್ಲದ ಕಬ್ಬಿಗೂ, ಒಳಗಿರುವುದು ಅಲುಗಾಡದೆ ಕೂತಿರುವ ಕಬ್ಬಿಗೂ ವ್ಯತ್ಯಾಸ ಇದೆ. ನಾನು ಎರಡು ತಿಂಗಳು ಓದಿದ್ದು ಅಲುಗಾಡದೆ ಕೂರುವ ಪ್ರಾಣಿಯ ಬಗ್ಗೆಯೇ. ಅವರು ಮತ್ತೆ ಮಚ್ಚು ಎತ್ತಿಕೊಳ್ಳುವ ಮುಂಚೆ ಒಂದು ನಿಮಿಷ ಇದ್ದೀತು, ಕಡಿಮೆ ಇಲ್ಲ. ಒಂದು ಬದಿ ಬಿಡಿ, ನಾಲೆಯ ಕಡೆ ದಾರಿ ಬಿಡಿ ಎಂದು ಕೂಗಲು ಅಷ್ಟು ಹೊತ್ತು ಸಾಕಿತ್ತು. ನಾನು ಗಡಿಯಾರ ನೋಡಿ ಗಂಟೆ ಬರೆದು, ಅದರ ಮುಂದೆ "ಚಲನೆ ಇಲ್ಲ" ಎಂದು ಬರೆದೆ.

ದೊಡ್ಡಪ್ಪ ಮಚ್ಚು ಹಿಡಿದು ಮೊದಲ ಬುಡಕ್ಕೆ ಬಗ್ಗಿದರು. ಅದು ಅವರ ಮೇಲೆಯೇ ಬಂತು. ಕೂಗಿದ್ದು ಯಾರೋ ಗೊತ್ತಿಲ್ಲ. ಹಳದಿ ಬಣ್ಣ ಒಂದು ಸಲ ಕಂಡಿತು, ದೊಡ್ಡಪ್ಪ ಹಿಂದಕ್ಕೆ ಬಿದ್ದರು, ಅಷ್ಟರಲ್ಲಿ ಅದು ಕೂಳೆಯ ಬಯಲಿನಲ್ಲಿ ಓಡುತ್ತಿತ್ತು. ಅವರನ್ನು ಕಚ್ಚುತ್ತಾ ನಿಲ್ಲಲಿಲ್ಲ. ದಾರಿಯಲ್ಲಿದ್ದರು, ಹೊಡೆದು ಹೋಯಿತು. ಬಲಗೈ ಭುಜದಿಂದ ಮುಂಗೈ ತನಕ ಬಿಚ್ಚಿಕೊಂಡಿತ್ತು.

ನನ್ನ ವೇಲಿನಿಂದ ಕೈ ಬಿಗಿದು ಕಟ್ಟಿ ಟ್ರಾಕ್ಟರಿಗೆ ಹಾಕಿದೆವು. ಅಪ್ಪ ಹಿಂದಕ್ಕೆ ತಿರುಗಿ ನೋಡುತ್ತಲೇ ಓಡಿಸಿದ. ದೊಡ್ಡಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿಕೊಂಡೇ, "ರಸ್ತೆ ನೋಡ್ಕಂಡ್ ಓಡುಸ್ಲಾ. ಚಿರ್ತೆ ಉಳ್ಸಿರೋ ಜೀವಾನ ನೀನ್ ತೆಗೀಬ್ಯಾಡ" ಎಂದರು. ಅಪ್ಪ ಅಳುತ್ತಿದ್ದ. ನೋಟ್‌ಬುಕ್ ನನ್ನ ಸೊಂಟದಲ್ಲಿ ಸಿಕ್ಕಿಸಿದ ಹಾಗೇ ಇತ್ತು. ಆ ಗಲಾಟೆಯಲ್ಲಿ ಅದನ್ನು ಯಾವಾಗ ಮುಚ್ಚಿ ಅಲ್ಲಿ ಸಿಕ್ಕಿಸಿಕೊಂಡೆನೋ, ನನಗೇ ನೆನಪಿಲ್ಲ.

ಮದ್ದೂರಿನಲ್ಲಿ ರಕ್ತ ನಿಲ್ಲಿಸಿ ಮಂಡ್ಯಕ್ಕೆ ಕಳಿಸಿದರು. ಜೀವಕ್ಕೆ ಏನೂ ಆಗಲಿಲ್ಲ. ನರ ತುಂಡಾಗಿದ್ದರಿಂದ ಮೂರು ಬೆರಳು ಮಡಚದೆ ಉಳಿದವು.

ಚಿರತೆಯನ್ನು ನಾನು ಮತ್ತೆ ನೋಡಿದ್ದು ಬೇರೆಯವರ ಫೋನಿನಲ್ಲಿ. ಬಯಲಿನಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ಓಡುತ್ತದೆ, ನಿಲ್ಲುತ್ತದೆ, ಇನ್ನೊಂದು ಕಡೆಗೆ ತಿರುಗುತ್ತದೆ. ಎಲ್ಲಿ ತಿರುಗಿದರೂ ಕೂಳೆ. ಬಿಸಿಲು ಬೀಳದ ಒಂದು ಜಾಗ ಇಲ್ಲ. ಕೊನೆಗೆ ಯಾರದೋ ಪಂಪ್‌ಸೆಟ್ ಮನೆಯೊಳಕ್ಕೆ ನುಗ್ಗುತ್ತದೆ. ಜನ ಆ ಮನೆಯ ಮೇಲೆ ಹತ್ತಿ ಫೋನು ಹಿಡಿದಿದ್ದಾರೆ. ಅರಣ್ಯ ಇಲಾಖೆಯವರು ಬಂದು ಪ್ರಜ್ಞೆ ತಪ್ಪಿಸುವ ಸೂಜಿ ಹೊಡೆದು, ಬಲೆಯಲ್ಲಿ ಎತ್ತಿ ಬೋನಿಗೆ ಹಾಕಿದರು. ಮಲಗಿದಾಗ ಪಕ್ಕೆಯ ಎಲುಬು ಕಾಣುತ್ತಿತ್ತು, ಮೈಗೆಲ್ಲ ಕಬ್ಬಿನ ಒಣಗರಿ ಅಂಟಿತ್ತು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಎಲ್ಲಿಗೆ ಬಿಟ್ಟಿರಿ ಎಂದು ಆಮೇಲೆ ಎರಡು ಸಲ ಹೋಗಿ ಕೇಳಿದೆ. ಕಾಡಿಗೆ ಎಂದರು. ನಾನು ಓದಿದ್ದ ಒಂದು ಲೇಖನದಲ್ಲಿ, ಊರಿಗೆ ಬಂದ ಕರಡಿಯನ್ನು ಹಿಡಿದಿಟ್ಟುಕೊಂಡು, ಸಮುದ್ರ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಗೆ ಬಿಡುತ್ತಾರೆ ಎಂದಿತ್ತು. ಕಬ್ಬಿನಲ್ಲೇ ಹುಟ್ಟಿ ಕಬ್ಬಿನಲ್ಲೇ ಬೆಳೆದಿರಬಹುದಾದ ಚಿರತೆಗೆ ಕಾಡು ಏನು ಎಂದು ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಹದಿನೈದು ದಿನ ತುಂಬಿತು. ಮುಖ್ಯಸ್ಥರು ಅದೇ ಬೆಂಚಿನಲ್ಲಿ ಕೂತು ಅದೇ ಪ್ರಶ್ನೆ ಕೇಳಿದರು. ನನ್ನ ಕೈಯಲ್ಲಿ ಕಾಗದ ಇರಲಿಲ್ಲ.

"ಸರ್, ಚಿರತೆ ಕಬ್ಬು ತಿನ್ನಲ್ಲ" ಎಂದು ಶುರು ಮಾಡಿದೆ.

ಅಲ್ಲಿಂದ ಮುಂದೆ ಮಾತು ತಾನಾಗಿ ಬಂತು. ಮರೆಯ ವಿಷಯ ಹೇಳಿದೆ, ಕಾಯುವ ಜಾಗದ ವಿಷಯ ಹೇಳಿದೆ. ಬೋರ್ಡಿನ ಮೇಲೆ ಪಟ್ಟಿ ಬರೆದು, ಕಬ್ಬು ಚಿಕ್ಕದಾದ ಹಾಗೆ ಯಾವ ಪ್ರಾಣಿ ಯಾವಾಗ ಹೊರಬಿತ್ತು ಎಂದು ತೋರಿಸಿದೆ. ಎರಡೂ ಒಂದೇ ಅಲ್ಲ ಎಂದೂ ಹೇಳಿದೆ. ಕಬ್ಬು ಕಡಿದರೆ ಕೂಳೆ ಚಿಗುರುತ್ತದೆ, ವರ್ಷ ಕಳೆದರೆ ಮತ್ತೆ ಮರೆ. ಸಮುದ್ರದ ಮಂಜುಗಡ್ಡೆ ಪ್ರತಿ ಚಳಿಗಾಲ ಕಟ್ಟಿದರೂ ಹಳೆಯ ಹಾಗೆ ಕಟ್ಟುತ್ತಿಲ್ಲ, ಅಲ್ಲಿನ ಕರಡಿಗೆ ಓಡಿಹೋಗಲು ಪಕ್ಕದ ಗದ್ದೆಯೂ ಇಲ್ಲ. ಯಾರೂ ಕಿಸಕ್ಕೆನ್ನಲಿಲ್ಲ. ಮುಖ್ಯಸ್ಥರು ಪಟ್ಟಿಯ ಕೊನೆಯ ಸಾಲಿಗೆ ಬೆರಳು ತೋರಿದರು.

"ಈ 'ಚಲನೆ ಇಲ್ಲ' ಅಂತ ಬರೆದಾಗ ಒಳಗೆ ಚಿರತೆ ಇತ್ತಾ?"

"ಇತ್ತು ಸರ್."

"ನೀನು ಅಲ್ಲೇ ನಿಂತು ಬರೆದೆಯಾ?"

"ಬರೆದೆ ಸರ್."

"ಭೇಷ್" ಎಂದರು. "ವಿಜ್ಞಾನಿಗೆ ಈ ಧೈರ್ಯ ಬೇಕು." ಮೇಡಂ ಮೊದಲು ಚಪ್ಪಾಳೆ ತಟ್ಟಿದರು. ನಾನು ಜಾಗಕ್ಕೆ ಬಂದಾಗ ಪಕ್ಕದವಳು ಕೂತಲ್ಲಿಂದಲೇ ನನ್ನ ವೇಲು ಜಗ್ಗಿ ಕಣ್ಣು ಮಿಟುಕಿಸಿದಳು. ಪ್ರಾಜೆಕ್ಟಿಗೆ ತರಗತಿಯಲ್ಲೇ ಹೆಚ್ಚು ಅಂಕ ನನಗೆ ಬಂತು. ಅಂದು ರೈಲು ಹನಕೆರೆಯಲ್ಲಿ ನಿಂತಾಗ ನನಗೆ ಏನೂ ಓದಲು ಇರಲಿಲ್ಲ. ಅದು ಧೈರ್ಯ ಆಗಿರಲಿಲ್ಲ ಎಂದು ಅವರಿಗೆ ಹೇಳಬೇಕಿತ್ತು ಎಂದು ಯೋಚಿಸುತ್ತಾ ಕಿಟಕಿಯ ಹೊರಗೆ ನೋಡಿದೆ. ಅಲ್ಲೂ ಯಾರೋ ಕಬ್ಬು ಕಡಿಯುತ್ತಿದ್ದರು.

ಪದವಿ ಪತ್ರ ಕೈಗೆ ಬರಲು ತಿಂಗಳುಗಳು ಹಿಡಿದವು. ಅದನ್ನು ತರಲು ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಮಂಡ್ಯಕ್ಕೆ ಬಂದ. ಬರುವಾಗ ಮದ್ದೂರಿನಲ್ಲಿ, ಬೇಡ ಬೇಡ ಎಂದರೂ ಕೇಳದೆ, "ಮಳೆಗಿಳೆ ಬಿದ್ದಾತು" ಎಂದು ಅದಕ್ಕೆ ಪ್ಲಾಸ್ಟಿಕ್ ಹಾಕಿಸಿದ. ಲ್ಯಾಮಿನೇಷನ್ ಮಾಡಿಸಬಾರದು ಎಂದು ಕಾಲೇಜಿನಲ್ಲಿ ಹೇಳಿ ಕಳಿಸಿದ್ದರು. ಅವನ ಮುಖ ನೋಡಿ ಅದನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡೆ. ಮನೆಯಲ್ಲಿ ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನ ತನಕ ನೋಡಿದಳು. ನನ್ನ ಫೋಟೋ ಇಲ್ಲವಲ್ಲ ಎಂದು ಅವಳಿಗೆ ಬೇಜಾರಾಯಿತು. "ಓಗಿ ನಿಮ್ಮ ದೊಡ್ಡಪ್ಪಂಗೆ ಕೊಡು" ಎಂದಳು.

ದೊಡ್ಡಪ್ಪ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಎಮ್ಮೆಯ ಹಗ್ಗಕ್ಕೆ ಗಂಟು ಹಾಕುತ್ತಿದ್ದರು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಗ್ಯಾಂಗನ್ನು ಈಗ ಬೇರೆಯವರು ನೋಡಿಕೊಳ್ಳುತ್ತಾರೆ. ಹೆಜ್ಜೆಯ ವಿಷಯವಾಗಲಿ, ಆ ಒಂದು ನಿಮಿಷದ ವಿಷಯವಾಗಲಿ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರೂ ಒಂದು ಸಲವೂ ಕೇಳಿರಲಿಲ್ಲ. ಪತ್ರವನ್ನು ಅವರ ಎಡಗೈಗೆ ಕೊಟ್ಟು ಕಾಲು ಮುಟ್ಟಿದೆ. ಅವರು ಹಗ್ಗ ಬಾಯಿಂದ ತೆಗೆದು, ಪತ್ರವನ್ನು ಬೆಳಕಿಗೆ ಹಿಡಿದರು.

"ಇದ್ರಾಗೆ ನಿನ್ನೆಸ್ರು ಎಲ್ಲದೆ?"

ತೋರಿಸಿದೆ. ಮಡಚದ ಬೆರಳನ್ನು ಆ ಸಾಲಿನ ಮೇಲೆ ಮೆಲ್ಲಗೆ ಎಳೆದರು. ಪತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮುಖ ಎತ್ತಲಿಲ್ಲ.

"ಬಗ್ಗೋಕ್ ಮುಂಚೆ ನಾನೊಂದ್ಸಲ ನಿನ್ ಕಡೆ ನೋಡ್ದೆ ಕಣಮ್ಮಿ. ಬದುವಿನ್ ಮ್ಯಾಲೆ ನೀನ್ ಬರ್ಕಂಡ್ ನಿಂತಿದ್ದೆ. ಒಳ್ಗೆ ಏನೋ ಅದೆ ಅಂತ ನಿಂಗೊತ್ತಿತ್ತು ಅನ್ನೋದು ನಿನ್ ಮೊಕದಾಗೇ ಇತ್ತು, ನಂಗೆ ಆಗ ತಿಳೀನಿಲ್ಲ, ಆಸ್ಪತ್ರೇಲಿ ಮನಿಕಂಡಾಗ ತಿಳೀತು. ನೀನ್ ಕೂಗಿದ್ರೂ ನಾನ್ ಕೇಳ್ತಿರ್ಲಿಲ್ಲ, ಅದು ಬ್ಯಾರೆ ಮಾತು. ಆದ್ರೂ ನೀನ್ ಕೂಗ್ಬೇಕಾಗಿತ್ತು ಕಣವ್ವ."